ಹೆಪ್ಪು ಮತ್ತು ಎಡಗಿವಿ

ನಮ್ಮ ಶಿರಂಗಾಲದ ಬೀದಿಯಲ್ಲಿ ಯಾರ ಮನೆಯ ಮೊಸರೂ ಪೂರ್ತಿ ಅವರದಲ್ಲ. ನಮ್ಮಲ್ಲಿ ಮುಗಿದ ದಿನ ಎದುರು ಮನೆಯಿಂದ ಒಂದು ಚಮಚ ಹೆಪ್ಪು ಬರುತ್ತದೆ, ಅವರಲ್ಲಿ ಮುಗಿದ ದಿನ ನಮ್ಮದು ಹೋಗುತ್ತದೆ. ಹಾಸನದ ಕಡೆಯಿಂದ ಬಂದ ನನ್ನ ಅತ್ತೆಗೆ ಇದು ಧರ್ಮ. ಬಟ್ಟಲು ಹಿಡಿದು ಬಂದವರಿಗೆ ಇಲ್ಲ ಅನ್ನಬಾರದು. ದೀಪ ಹಚ್ಚಿದ ಮೇಲೆ ಮಾತ್ರ ಕೊಡಬಾರದು. ತೊಂದರೆ ಏನೆಂದರೆ, ಅತ್ತೆ ಈ ಧರ್ಮವನ್ನು ಮಕ್ಕಳ ಸಿರಪ್ಪಿಗೂ ಹಚ್ಚಿದ್ದರು. ಯಾರ ಮಗುವಿಗೋ ಜ್ವರ ಬಿಟ್ಟ ಮೇಲೆ ಉಳಿದ ಬಿಳಿ ಆಂಟಿಬಯೋಟಿಕ್ ಬಾಟಲಿ ನಮ್ಮ ಫ್ರಿಜ್ಜಿನಲ್ಲಿ ಹೆಪ್ಪಿನ ಬಟ್ಟಲ ಪಕ್ಕದಲ್ಲೇ ಕೂತಿರುತ್ತಿತ್ತು. ಬೇಕಾದವರು ಬಂದು ಒಯ್ಯುತ್ತಿದ್ದರು. ನಾನು ರೇಗಿದರೆ, "ಸುಮ್ನಿರವ್ವ, ಮದ್ದನ್ನ ಯಾರಾದ್ರೂ ಚರಂಡಿಗೆ ಸುರೀತಾರಾ?" ಎನ್ನುತ್ತಿದ್ದರು. ಮದ್ದಿಗೆ ದೀಪದ ಕಟ್ಟಳೆಯೂ ಇರಲಿಲ್ಲ, ಯಾವ ಹೊತ್ತಿಗೆ ಬಂದರೂ ಸಿಗುತ್ತಿತ್ತು.

ಅದು ಶುಂಠಿ ಕೀಳುವ ಕಾಲ. ನಾನೂ ನನ್ನ ಗಂಡನೂ ಹೊಲದಲ್ಲಿದ್ದಾಗ, ನಾಲ್ಕು ವರ್ಷದ ಮಗಳು ಎಡಗಿವಿ ಹಿಡಿದುಕೊಂಡು ಅತ್ತಳಂತೆ. ಅತ್ತೆ ಆ ಬಾಟಲಿಯಿಂದ ಒಂದೆರಡು ಹೊತ್ತು ಕುಡಿಸಿದರು. ನೋವು ಇಳಿಯಿತು, ಅವರೂ ನಿಲ್ಲಿಸಿದರು. ಸ್ವಲ್ಪ ದಿನಕ್ಕೇ ಜ್ವರ ಮರಳಿ ಬಂತು, ಕಿವಿ ಸೋರತೊಡಗಿತು. ಕುಶಾಲನಗರದ ಡಾಕ್ಟರು ಕೀವನ್ನು ಪರೀಕ್ಷೆಗೆ ಕಳಿಸಿ, ಹೊಸ ಬಾಟಲಿ ಬರೆದುಕೊಟ್ಟು, ಖಾಲಿಯಾಗುವವರೆಗೆ ನಿಲ್ಲಿಸಬೇಡಿ ಎಂದರು. ಈ ಸಲ ನಾನೇ ಅಳೆದು ಕುಡಿಸಿದೆ. ಆದರೂ ಜ್ವರ ಜಗ್ಗಲಿಲ್ಲ. ಒಂದು ಬೆಳಗ್ಗೆ ಜಡೆ ಹಾಕಲು ಕೂರಿಸಿಕೊಂಡಾಗ ಕಂಡಿತು: ಕಿವಿಯ ಹಿಂದೆ ಕೆಂಪಗೆ ಊದಿಕೊಂಡಿದೆ, ಎಡಗಿವಿ ಮುಂದಕ್ಕೆ ತಳ್ಳಿಕೊಂಡು ನಿಂತಿದೆ. ಅರ್ಧ ಹೆಣೆದ ಜಡೆಯಲ್ಲೇ ಅವಳನ್ನು ಎತ್ತಿಕೊಂಡು ಮೈಸೂರಿಗೆ ಹೊರಟೆವು.

ಕಿವಿಯ ಹಿಂದಿನ ಮೂಳೆಗೆ ಸೋಂಕು ಇಳಿದಿದೆ, ಕೀವು ತೆಗೆಯಲೇಬೇಕು, ತಡವಾದರೆ ಮಿದುಳಿಗೂ ಹೋದೀತು ಎಂದರು ಅಲ್ಲಿನ ಡಾಕ್ಟರಮ್ಮ. ಹೆದರಿಕೆ ಬಾಯಿಗೆ ಬರುವಾಗ ನನಗೆ ಸಿಟ್ಟಾಗಿ ಬರುತ್ತದೆ. "ಈ ಮದ್ದಿಗೆ ಈ ರೋಗಾಣು ಸಾಯುತ್ತೆ ಅಂತ ಕೀವಿನ ರಿಪೋರ್ಟಲ್ಲಿದೆಯಂತಲ್ಲ ಮೇಡಂ, ಮತ್ಯಾಕೆ ಸಾಯ್ಲಿಲ್ಲ?" ಎಂದು ಜಗಳಕ್ಕೇ ನಿಂತೆ.

"ಲ್ಯಾಬಲ್ಲಿ ರೋಗಾಣು ಅನ್ನೋ ಕಳ್ಳ ಒಬ್ಬನೇ ಇದ್ದ, ಸತ್ತ. ಕಿವಿಯಲ್ಲಿ ಅವನಿಗೆ ನೆರೆಮನೆಯವರಿರ್ತಾರಮ್ಮ," ಎಂದರು ಅವರು. ಮೂಗು ಗಂಟಲಲ್ಲಿ ಪಾಪದವರ ಹಾಗೆ ಸುಮ್ಮನಿರುವ ಬ್ಯಾಕ್ಟೀರಿಯಾಗಳೂ ಕಿವಿಗೆ ಬಂದು ಸೇರುತ್ತವಂತೆ. ಅವುಗಳಲ್ಲಿ ಕೆಲವು ತಮ್ಮ ಹೊರಪೊರೆಯಿಂದಲೇ ಕಣ್ಣಿಗೆ ಕಾಣದ ಗುಳ್ಳೆಗಳನ್ನು ಕಳಚಿ ಬಿಡುತ್ತವೆ. ಆ ಗುಳ್ಳೆಗಳಲ್ಲಿ ಮದ್ದನ್ನು ಮುರಿಯುವ ಕಿಣ್ವ ಇರುತ್ತದೆ. ನಾನು ಅಳೆದು ಕುಡಿಸಿದ ಸಿರಪ್ಪು ಕಳ್ಳನನ್ನು ಮುಟ್ಟುವ ಮೊದಲೇ ಅವು ಅದನ್ನು ಮುಗಿಸಿಬಿಡುತ್ತವೆ. "ಕೆಲವು ಜಾತಿಯ ಗುಳ್ಳೇಲಿ ಆ ವಿದ್ಯೆ ಕಲಿಸೋ ಜೀನೂ ಇರುತ್ತೆ. ಅದು ಸೇರಿದ ಬ್ಯಾಕ್ಟೀರಿಯಾ ಆಮೇಲೆ ತಾನೇ ಮದ್ದು ಮುರಿಯೋಕೆ ಶುರು ಮಾಡುತ್ತೆ."

"ಅಂದ್ರೆ ಹೆಪ್ಪು ಕೊಟ್ಟ ಹಾಗೆ," ಎಂದೆ.

"ಹಾಗೇ ಅಂದ್ಕೊಳ್ಳಿ. ಇವಳ ಕಿವೀಲಿ ಆಗಿದ್ದು ಅದೇ ಅಂತ ಆಣೆ ಇಡಲ್ಲ. ಆದರೆ ಅರೆಬರೆ ಮದ್ದು ಕುಡಿಸಿದಾಗ ಇಂಥವೇ ಉಳ್ಕೊಂಡು ಹೆಚ್ಚಾಗ್ತವೆ."

ಅತ್ತೆ ನನ್ನ ಪಕ್ಕದಲ್ಲೇ ಕೂತು ಇದನ್ನೆಲ್ಲ ಕೇಳಿಸಿಕೊಂಡರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

ಆಪರೇಷನ್ ಆಯಿತು. ಆ ಕಿಣ್ವವನ್ನು ತಡೆಯುವಂಥದ್ದೂ ಸೇರಿದ ಬೇರೆ ಮದ್ದನ್ನು ನರಕ್ಕೆ ಏರಿಸಿದರು. ಜ್ವರ ಬಿಟ್ಟಿತು. ಜೀವಕ್ಕೆ ಭಯವಿಲ್ಲ, ಎಡಗಿವಿ ಎಷ್ಟು ಕೇಳಿಸುತ್ತದೆ ಎಂಬುದನ್ನು ಗಾಯ ಮಾಗಿದ ಮೇಲೆ ಪರೀಕ್ಷೆ ಮಾಡಿ ನೋಡೋಣ ಎಂದು ಕಳಿಸಿಕೊಟ್ಟರು.

ಮನೆಗೆ ಬಂದರೂ ನನ್ನ ಹೆದರಿಕೆ ಹೋಗಲಿಲ್ಲ. ಹಾಲು ಕರೆದ ಪಾತ್ರೆಯ ನೊರೆ ಕಂಡರೂ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಆ ಗುಳ್ಳೆಗಳೇ ಬೇರೆ, ಕಣ್ಣಿಗೆ ಕಾಣುವಂಥವಲ್ಲ ಎಂದು ಗೊತ್ತಿದ್ದೂ ಹೀಗೆ. ಫ್ರಿಜ್ಜಿನ ಬಾಟಲಿ ಅಲ್ಲೇ ಇತ್ತು. ಚರಂಡಿಗೆ ಸುರಿದರೆ ಅದು ಹೋಗಿ ಸೇರುವುದು ಕಾವೇರಿಯನ್ನೇ. ಅಲ್ಲಿ ಯಾವ ಬ್ಯಾಕ್ಟೀರಿಯಾ ಯಾವುದಕ್ಕೆ ಹೆಪ್ಪು ಕೊಡುತ್ತಿದೆಯೋ ಎಂದು ಸುರಿಯಲೂ ಕೈ ಬರಲಿಲ್ಲ.

ಒಂದು ಸಂಜೆ ಎದುರು ಮನೆಯಾಕೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದಳು. "ಅಮ್ಮಾ, ಆ ಬಿಳಿ ಸಿರಪ್ಪು ಒಂದೀಟು ಇದ್ರೆ ಕೊಡಿ. ಮಗೀಗೆ ಗಂಟ್ಲು ನೋವು."

ಅತ್ತೆ ಫ್ರಿಜ್ಜಿನವರೆಗೆ ಹೋದರು. ಬಾಗಿಲ ಮೇಲೆ ಕೈಯಿಟ್ಟು ನಿಂತರು. "ದೀಪ ಹಚ್ಚಾಯ್ತು ಕಣವ್ವ. ಕೊಡಕಾಗಲ್ಲ."

"ಮದ್ದಿಗೂ ದೀಪ ನೋಡ್ತಾರಾ?" ಎಂದಳು ಆಕೆ.

"ಇನ್ಮೇಲೆ ನೋಡ್ತೀವಿ," ಎಂದೆ ನಾನು. "ಬೆಳಗ್ಗೆ ಕುಶಾಲನಗರದ ಡಾಕ್ಟ್ರಿಗೆ ತೋರ್ಸನ. ನಾನೂ ಬತ್ತೀನಿ." ಆಕೆ ಮುಖ ಊದಿಸಿಕೊಂಡು ಹೋದಳು.

ಮಗಳು ಜಗಲಿಯಲ್ಲಿ ನಮಗೆ ಬೆನ್ನು ಹಾಕಿ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಅವಳ ಎಡಕ್ಕೆ ಹೋಗಿ ನಿಂತು ಮೆಲ್ಲಗೆ ಕರೆದೆ. ಅವಳು ಕಾಯಿ ಬಿಡಿಸುತ್ತಲೇ ಇದ್ದಳು. ಇನ್ನೊಮ್ಮೆ ಕರೆದೆ. ಅತ್ತೆಯೂ ಬಂದು ನನ್ನ ಪಕ್ಕ ನಿಂತರು. ಅವರಿಗೆ ತಡೆಯಲಾಗಲಿಲ್ಲ, "ಪುಟ್ಟೀ!" ಎಂದು ಗಟ್ಟಿಯಾಗಿ ಕೂಗಿಬಿಟ್ಟರು.

ಮಗಳು ತಟ್ಟನೆ ತಿರುಗಿದಳು. ನಾವು ನಿಂತ ಕಡೆಗಲ್ಲ, ಬಲಕ್ಕೆ. ಅಲ್ಲಿ ಯಾರೂ ಇರಲಿಲ್ಲ. ಬರಿ ಗೋಡೆಯನ್ನು ನೋಡುತ್ತಾ ಕೇಳಿದಳು, "ಏನಜ್ಜಿ?"