ಶನಿವಾರದ ಸಿಗಡಿ ಪಟ್ಟಿ

ಸ್ನೇಹಿತರೇ, ಕುಣಿಯುವಷ್ಟು ಖುಷಿಯಾಗಿದೆ, ಕೇಳಿ! ನಮ್ಮ ಬಾಡಿಗೆ ಮನೆ ಓನರ್ ಅಂಕಲ್ ಕಾಲಿನ ಗಾಯ ಮಾಯುತ್ತಿದೆ. ಸಕ್ಕರೆ ಕಾಯಿಲೆಯ ಗಾಯ. ಬೆರಳನ್ನೇ ತೆಗೆಯಬೇಕಾದೀತು ಎಂದು ಡಾಕ್ಟರು ಹೆದರಿಸಿದ್ದರು. ಇವತ್ತು ಅವರನ್ನೂ ಆಂಟಿಯನ್ನೂ ಬಿಳೇಕಹಳ್ಳಿಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಪಟ್ಟಿ ಬಿಚ್ಚಿದರೆ ಗುಲಾಬಿ ಬಣ್ಣದ ಹೊಸ ಚರ್ಮ!

ನಾನು ಸುಮ್ಮನಿರಬೇಕಿತ್ತು. "ಇದು ಯಾವ ಬಟ್ಟೆರೀ ಸಿಸ್ಟರ್?" ಎಂದು ಕೇಳಿಬಿಟ್ಟೆ.

"ಬಟ್ಟೆ ಅಲ್ಲ ಸಾರ್, ಸಿಗಡಿ ಸಿಪ್ಪೆಯಿಂದ ಮಾಡಿರೋದು. ಒಳಗೆ ಆಂಟಿಬಯಾಟಿಕ್ ಇರತ್ತೆ, ಸ್ವಲ್ಪ ಸ್ವಲ್ಪಾನೇ ಗಾಯಕ್ಕೆ ಬಿಡತ್ತೆ," ಎನ್ನುತ್ತಾ ನರ್ಸ್ ಹೊಸ ಪಟ್ಟಿ ಎತ್ತಿಕೊಂಡರು.

ಅಂಕಲ್ ಸರಕ್ಕನೆ ಕಾಲು ಎಳೆದುಕೊಂಡರು. "ಇವತ್ತು ಶನಿವಾರ ಮೇಡಂ! ಶನಿವಾರ ನಾವು ನಾನ್‌ವೆಜ್ ಮುಟ್ಟಲ್ಲ. ನಾಳೆ ಹಾಕಿ."

"ನಾಳೆ ಕ್ಲಿನಿಕ್ ರಜಾ ಸಾರ್. ಗಾಯ ಹಂಗೇ ಬಿಡಕ್ಕಾಗಲ್ಲ."

"ಅಂಕಲ್, ಅದು ಔಷಧರೀ," ಎಂದೆ. ಕೇಳಲಿಲ್ಲ.

ಕೊನೆಗೆ ಆಂಟಿಯೇ ಗದರಿದರು: "ಹೋದ ಶನಿವಾರ ಇದನ್ನೇ ಕಟ್ಕೊಂಡು ದೇವಸ್ಥಾನಕ್ಕೆ ಹೋಗಿಬಂದ್ರಲ್ಲ! ಆಂಜನೇಯನೇ ಏನೂ ಅನ್ಲಿಲ್ಲ, ನಿಮ್ದೇನು? ಕಾಲು ಕೊಡಿ ಸುಮ್ನೆ!"

ಅಂಕಲ್ ಕಾಲು ಕೊಟ್ಟರು.

ವಾಪಸ್ ಬರುವಾಗ ಆಟೋದಲ್ಲಿ ಏನೋ ಯೋಚಿಸುತ್ತಿದ್ದವರು ನನ್ನ ಕಡೆ ತಿರುಗಿದರು. "ಬರೀ ಸಿಪ್ಪೇನೇ ಹೊರಗಿಂದ ಇಷ್ಟು ಕೆಲ್ಸ ಮಾಡಿದ್ರೆ, ಸಿಗಡಿ ಒಳಗೆ ಹೋಗಿ ಇನ್ನೆಷ್ಟು ಮಾಡ್ಬೇಡ! ನಾಳೆ ಹೆಂಗೂ ಭಾನುವಾರ. ಬೆಳಗ್ಗೆ ನೀನೇ ಹೋಗಿ ತಗೊಂಡ್ ಬಾ ಗುರು."

ಬಾಗಲಕೋಟೆಯಿಂದ ಬಂದ ನಾನು ಮೊಟ್ಟೆಯನ್ನೂ ಮುಟ್ಟಿದವನಲ್ಲ. ಸಿಗಡಿ ನೋಡಲು ಹೇಗಿರುತ್ತದೆ, ಯಾರಾದರೂ ಒಂದು ಫೋಟೊ ಕಳಿಸ್ರಪ್ಪಾ.