ಎರಡನೇ ಚರಣ ಗೊತ್ತಿಲ್ಲದ ಮಾವ

ನನ್ನ ಸೋದರಮಾವನ ಮದುವೆಯ ಫೋಟೋ ನೋಡಿದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: "ಮದುಮಗ ಯಾಕೆ ಮೇಲೆ ನೋಡ್ತಿದ್ದಾನೆ?" ಚರ್ಚಿನ ಒಳಗೆ ತೆಗೆದ ಫೋಟೋ ಅದು. ಪಾಸ್ಟರ್ ಕ್ಯಾಮೆರಾ ನೋಡುತ್ತಿದ್ದಾರೆ, ಅತ್ತೆ ನೋಡುತ್ತಿದ್ದಾಳೆ, ಅಷ್ಟು ಹೊತ್ತು ಅಳುತ್ತಿದ್ದ ಅಜ್ಜಿಯೂ ಅಳು ನಿಲ್ಲಿಸಿ ನೋಡುತ್ತಿದ್ದಾಳೆ. ಮಾವ ಮಾತ್ರ ಕತ್ತೆತ್ತಿ ಸೂರು ನೋಡುತ್ತಿದ್ದಾನೆ. ಗೊತ್ತಿಲ್ಲದವರು, ಆಹಾ, ಎಂಥ ಭಕ್ತಿ ಎನ್ನುತ್ತಾರೆ. ಅವನು ನೋಡುತ್ತಿದ್ದದ್ದು ಫ್ಯಾನನ್ನು. ಅದರ ಒಂದು ರೆಕ್ಕೆ ಚೂರು ಬಾಗಿತ್ತಂತೆ.

ಮಾವನದು ಮೋಟಾರ್ ವೈಂಡಿಂಗ್ ಅಂಗಡಿ. ಬಾಗಿಲು ದಾಟಿದರೆ ವಾರ್ನಿಷ್ ವಾಸನೆ, ಗೋಡೆಯುದ್ದಕ್ಕೂ ಮೊಳೆಗೆ ನೇತುಹಾಕಿದ ತಾಮ್ರದ ತಂತಿಯ ಸುರುಳಿಗಳು, ಮೂಲೆಯಲ್ಲಿ ರೆಕ್ಕೆ ಕಳಚಿದ ಫ್ಯಾನುಗಳ ರಾಶಿ. ಬೇರೆಯವರು ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳುವ ಕಡೆ ಅವನು ಟೆಸ್ಟರ್ ಇಟ್ಟುಕೊಳ್ಳುತ್ತಾನೆ. ಯಾವ ಮೋಟಾರು ತಂದಿಟ್ಟರೂ ಕಣ್ಣು ಮುಚ್ಚಿ, ಕಿವಿ ಹತ್ತಿರ ಒಯ್ದು, ಅದು ತಿರುಗುವ ಸದ್ದು ಕೇಳುತ್ತಾನೆ. ಆಮೇಲೆ, "ಪಾಪ, ಬೇರಿಂಗು" ಎನ್ನುತ್ತಾನೆ. ಕೇಳಿದವರಿಗೆ ಯಾರೋ ತೀರಿಕೊಂಡರೇನೋ ಅನ್ನಿಸಬೇಕು.

ಭಾನುವಾರ ಚರ್ಚಿನ ಬೀಗ ತೆಗೆಯುವ ಮೊದಲೇ ಅವನು ಮೆಟ್ಟಿಲ ಮೇಲೆ ಹಾಜರಿರುತ್ತಿದ್ದ. ಫ್ಯೂಸ್ ನೋಡಬೇಕು, ಮೈಕಿನ ತಂತಿ ಎಳೆಯಬೇಕು, ಕುಂಟುವ ಬೆಂಚಿನ ಕಾಲಿಗೆ ರಟ್ಟು ಕೊಡಬೇಕು. ಆರಾಧನೆ ಶುರುವಾದ ಮೇಲಾದರೂ ಕೂರುತ್ತಿದ್ದನೇ? ಕೂತರೆ ಅವನು ನಮ್ಮ ಮಾವನೇ ಅಲ್ಲ. ಮೊದಲ ಹಾಡು ಎತ್ತುವಾಗ ಅತ್ತೆಯ ಪಕ್ಕ ನಿಂತಿರುತ್ತಿದ್ದ, ನಿಜ. ಒಂದು ಚರಣ ಮುಗಿಯುವುದರೊಳಗೆ ಎಲ್ಲೋ ಏನೋ ಕಿರ್ ಎನ್ನುತ್ತಿತ್ತು, ಮಾವ ಮಾಯ. ಹೀಗಾಗಿ ನಮ್ಮ ಚರ್ಚಿನ ಎಲ್ಲ ಹಾಡುಗಳ ಮೊದಲ ಚರಣ ಅವನಿಗೆ ಬಾಯಿಪಾಠ, ಎರಡನೆಯದು ಒಂದೂ ಬಾರದು. ಅಂಗಡಿಯಲ್ಲಿ ತಂತಿ ಸುತ್ತುತ್ತ ಹಾಡಿಕೊಳ್ಳುವಾಗಲೂ ಒಂದು ಚರಣ ಆದ ಕೂಡಲೇ ಬೇರೆ ಹಾಡಿಗೆ ಹಾರುತ್ತಿದ್ದ. ಉಪದೇಶದ ಪ್ರಸಂಗಗಳ ಕತೆಯೂ ಅಷ್ಟೇ. ಪಾಸ್ಟರ್ ಏನು ಹೇಳಿದರು ಎಂದು ಕೇಳಿದರೆ, "ಚೆನ್ನಾಗಿ ಕೇಳಿಸ್ತು, ಕೊನೇ ಬೆಂಚಿನವರೆಗೂ" ಎನ್ನುತ್ತಿದ್ದ.

ಇತ್ತ ಅತ್ತೆ ಪ್ರತಿ ವಾರ ತನ್ನ ಪಕ್ಕದ ಜಾಗದಲ್ಲಿ ಕೈಚೀಲ ಇಟ್ಟು ಕಾಯುತ್ತಿದ್ದಳು. ಯಾರಾದರೂ ಕೂರಲು ಬಂದರೆ, "ಇವರು ಬರ್ತಾರೆ" ಎನ್ನುತ್ತಿದ್ದಳು. ಇವರು ಬರುತ್ತಿದ್ದದ್ದು ಕೊನೆಯ ಆಶೀರ್ವಾದದ ಪ್ರಾರ್ಥನೆಯ ಹೊತ್ತಿಗೆ, ಕೈಗೆ ಗ್ರೀಸು ಬಳಿದುಕೊಂಡು. ಅತ್ತೆ ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುತ್ತಾಳೆ. ದನಿ ಎತ್ತುವ ಅಭ್ಯಾಸವೇ ಇಲ್ಲ, ಅದಕ್ಕೇ ಅವಳು ಮಾತಾಡಿದರೆ ಮನೆಯಲ್ಲಿ ಎಲ್ಲರ ಕಿವಿ ನೆಟ್ಟಗಾಗುತ್ತದೆ.

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ಭಾನುವಾರ ಹತ್ತಿರ ಬಂತು. ಒಂದು ರಾತ್ರಿ ಊಟಕ್ಕೆ ಕೂತಾಗ ಮಾವ ಧಾರಾಳಿಯಾಗಿ ಕೇಳಿದ, "ಏನು ಬೇಕು ಹೇಳು. ಬಳೆನಾ, ಗಡಿಯಾರನಾ?"

"ಒಂದು ಪೂರ್ತಿ ಆರಾಧನೆ ಬೇಕು. ನನ್ನ ಪಕ್ಕ ಕೂತು, ಮೊದಲಿಂದ ಕೊನೇವರೆಗೆ."

ಮಾವ ನಕ್ಕುಬಿಟ್ಟ. "ಅಷ್ಟೇನಾ? ಎಲ್ಲರಿಗಿಂತ ಮೊದಲು ಬಂದು ಎಲ್ಲರಾದ ಮೇಲೆ ಹೋಗೋನು ನಾನು. ನನ್ನ ಆರಾಧನೆ ಅದೇ ಕಣೇ. ದೇವರಿಗೆ ಗೊತ್ತಿಲ್ವಾ?"

"ದೇವರು ನಿಮ್ಮ ಗಿರಾಕಿ ಅಲ್ಲ ರೀ, ರಿಪೇರಿ ಮಾಡಿಕೊಟ್ಟು ಕೈ ಒರೆಸಿಕೊಳ್ಳೋಕೆ."

"ನಾನು ಸುಮ್ಮನೆ ಕೂತ್ರೆ ಅವನಿಗೇನು ಬರುತ್ತೆ?"

"ಏನೂ ಬರಲ್ಲ. ನೀವು ಓಡಾಡಿದ್ರೂ ಏನೂ ಬರಲ್ಲ. ನಮ್ಮಮ್ಮನ ಮನೆಗೆ ಹೋದಾಗಲೂ ನೀವು ಹೀಗೇ ತಾನೇ? ಹೋದವರೇ ಮಿಕ್ಸಿ ಬಿಚ್ಚಿಕೊಂಡು ಕೂರ್ತೀರಿ. ಅಮ್ಮ ಎಷ್ಟು ಸಲ ಹೇಳಿಲ್ಲ, ಮಿಕ್ಸಿ ಹಾಳಾಗಿ ಹೋಗ್ಲಿ, ಅಳಿಯಂದ್ರು ಒಂದು ಗಳಿಗೆ ಎದುರಿಗೆ ಕೂತು ಮಾತಾಡಿದ್ರೆ ಸಾಕು ಅಂತ." ಅತ್ತೆ ತಟ್ಟೆ ಎತ್ತಿಕೊಂಡು ಎದ್ದಳು. "ಆ ದಿನ ನೀವು ಮಧ್ಯೆ ಎದ್ದು ಹೋದ್ರೆ ನಾನು ಜಗಳ ಆಡಲ್ಲ. ಆದರೆ ಮುಂದಿನ ವಾರದಿಂದ ಪಕ್ಕದಲ್ಲಿ ಚೀಲ ಇಡಲ್ಲ. ಯಾರು ಬೇಕಾದ್ರೂ ಕೂತ್ಕೊಳ್ಳಲಿ."

ಮಾವನ ನಗು ಅಲ್ಲೇ ಇಂಗಿತು. ಜಗಳವಾಡಿದ್ದರೆ ಅವನಿಗೆ ಅಭ್ಯಾಸವಿತ್ತು. ಜಗಳ ಆಡಲ್ಲ ಎಂದದ್ದೇ ಎದೆಗೆ ನಾಟಿತು.

ಆ ಭಾನುವಾರ ಚರ್ಚಿನ ಬಾಗಿಲಲ್ಲಿ ಅತ್ತೆ ಸುಮ್ಮನೆ ಅಂಗೈ ಚಾಚಿದಳು. ಮಾವ ಟೆಸ್ಟರ್ ತೆಗೆದು ಕೊಟ್ಟ. ಅದು ಕೈಚೀಲದೊಳಗೆ ಹೋಯಿತು, ಜಿಪ್ ಮುಚ್ಚಿತು. ಮೈಕಿನ ಉಸ್ತುವಾರಿ ನಿವೃತ್ತ ಪೋಸ್ಟ್‌ಮಾಸ್ಟರರಿಗೆ ಹೋಗಿತ್ತು. ಅವರು ಮೈಕಿನ ಗುಂಡಿಗಳ ಪೆಟ್ಟಿಗೆಯ ಮುಂದೆ ವಿಮಾನ ಹಾರಿಸುವವರ ಗತ್ತಿನಲ್ಲಿ ಕೂತಿದ್ದರು. ನಮ್ಮ ಬೆಂಚಿನಲ್ಲಿ ಮಾವನ ಆ ಕಡೆ ಅತ್ತೆ, ಈ ಕಡೆ ನಾನು. ಕಳ್ಳನನ್ನು ನಡುವೆ ಕೂರಿಸಿಕೊಂಡ ಪೊಲೀಸರ ಹಾಗೆ ಕಾಣುತ್ತಿದ್ದೆವು.

ಬೈಬಲಿನ ವೇದಪಾಠ ಓದುವಾಗಲೇ ನಮ್ಮ ತಲೆಯ ಮೇಲಿನ ಫ್ಯಾನು ಕಟಕ್, ಕಟಕ್ ಎನ್ನತೊಡಗಿತು. ಮಾವ ಮುಳ್ಳಿನ ಮೇಲೆ ಕೂತವನಂತೆ ಮಿಸುಕಾಡಿದ. ಅತ್ತೆಯ ಕೈ ಮೆಲ್ಲಗೆ ಹೋಗಿ ಅವನ ಅಂಗಿಯ ಚುಂಗು ಹಿಡಿಯಿತು. ಅಷ್ಟರಲ್ಲಿ ಪೋಸ್ಟ್‌ಮಾಸ್ಟರರು ಯಾವುದೋ ಗುಂಡಿ ತಿರುಗಿಸಿದರು. ಪಾಸ್ಟರ ದನಿ ಒಮ್ಮೆ ಬಾವಿಯೊಳಗಿಂದ, ಒಮ್ಮೆ ಗುಡುಗಿನೊಳಗಿಂದ ಬರಲಾರಂಭಿಸಿತು. "ಎಡಗಡೆ... ಎಡಗಡೇದು ತಿರುಗ್ಸಿ ಮಾರಾಯ್ರೇ" ಎಂದು ಮಾವ ಹಲ್ಲುಗಳ ನಡುವೆ ಗೊಣಗಿದ. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದರೆ ಅವನದು ಒಂದು ಕಣ್ಣು ಫ್ಯಾನಿನ ಮೇಲೆ.

"ದೇವರ ಹತ್ರ ಮಾತಾಡಿ," ಅತ್ತೆ ಪಿಸುಗುಟ್ಟಿದಳು.

"ಏನಂತ ಮಾತಾಡ್ಲಿ? ತಲೇಲಿ ಫ್ಯಾನ್ ಬಿಟ್ರೆ ಏನೂ ಬರ್ತಿಲ್ಲ."

"ಹಾಗಾದ್ರೆ ಅದನ್ನೇ ಹೇಳಿ."

ಅವನು ನಿಜವಾಗಿಯೂ ಹೇಳತೊಡಗಿದ. ತುಟಿ ಅಲುಗುವುದು ನನಗೆ ಕಾಣುತ್ತಿತ್ತು. "ಕರ್ತನೇ, ಫ್ಯಾನಿನ ಬುಷ್ ಸವೆದಿದೆ..." ಅಷ್ಟು ಕೇಳಿದ್ದೇ ನಾನು ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿದೆ. ನಗು ತಡೆದು ತಡೆದು ಹೊಟ್ಟೆ ಹುಣ್ಣಾಯಿತು. ಮುಂದಿನ ಬೆಂಚಿನ ದರ್ಜಿಯಮ್ಮ, ನಾನು ಅಳುತ್ತಿದ್ದೇನೆಂದು ತಿಳಿದು, ಹಿಂದೆ ಕೈ ಚಾಚಿ ಕರವಸ್ತ್ರ ಕೊಟ್ಟಳು.

ಆಗ ಕರೆಂಟು ಹೋಯಿತು.

ನಮ್ಮ ಚರ್ಚಿನಲ್ಲಿ ಒಂದು ರೂಢಿಯಿದೆ. ಕರೆಂಟು ಹೋದರೆ ಯಾರೂ ದೀಪದ ಕಡೆ ನೋಡುವುದಿಲ್ಲ, ಮಾವನ ಕಡೆ ನೋಡುತ್ತಾರೆ. ಅವತ್ತೂ ಅಷ್ಟೇ. ಮುಂದಿನ ಬೆಂಚಿನವರು ಹಿಂದೆ ತಿರುಗಿದರು, ಪಕ್ಕದವರು ಬಗ್ಗಿ ನೋಡಿದರು, ಪೋಸ್ಟ್‌ಮಾಸ್ಟರರು ಎದ್ದು ನಿಂತು ನೋಡಿದರು. ಪಾಸ್ಟರೂ ಮಾತು ನಿಲ್ಲಿಸಿ ಹುಬ್ಬೇರಿಸಿದರು. ಮಾವ ಬೆಂಚಿನಿಂದ ಅರ್ಧ ಎದ್ದೇಬಿಟ್ಟ. ಅವನ ತಪ್ಪಲ್ಲ, ಅಷ್ಟು ವರ್ಷ ಎದ್ದ ಕಾಲು ಅವು. ಅತ್ತೆ ಅಂಗಿಯನ್ನು ಎಳೆಯಲಿಲ್ಲ. ಹಿಡಿದಿದ್ದ ಚುಂಗು ಬಿಟ್ಟು, ಕೈಯನ್ನು ತನ್ನ ಮಡಿಲಿನ ಚೀಲದ ಮೇಲಿಟ್ಟುಕೊಂಡು ನೆಟ್ಟಗೆ ಮುಂದೆ ನೋಡುತ್ತ ಕೂತಳು. ಅಲ್ಲಿಯವರೆಗೆ ನಗುತ್ತಿದ್ದ ನನಗೆ ಆಗ ನಿಜಕ್ಕೂ ಭಯವಾಯಿತು. ಅವನು ಹೋದರೆ ಆ ಜಾಗ ಹೋಯಿತು.

ಮಾವ ಹೆಂಡತಿಯ ಕೈ ನೋಡಿದ. ಆಮೇಲೆ ಇಡೀ ಸಭೆಯನ್ನು ನೋಡಿ, ಅಂಗಡಿ ಬಾಗಿಲು ಹಾಕಿರುವಾಗ ಬಂದ ಗಿರಾಕಿಗೆ ಹೇಳುವ ದನಿಯಲ್ಲಿ ಹೇಳಿದ: "ನಾನು ಇವತ್ತು ಇಲ್ಲ. ಇವತ್ತು ನಾನು ಆರಾಧನೆಗೆ ಬಂದಿದ್ದೀನಿ."

ಹೇಳಿ ಕೂತುಬಿಟ್ಟ. ಆಮೇಲೆ ಯಾರೋ ಕಿಸಕ್ಕೆಂದರು, ನಗು ಬೆಂಚಿನಿಂದ ಬೆಂಚಿಗೆ ಹಬ್ಬಿತು. ಪಾಸ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲಿಳಿದು ನಮ್ಮ ನಡುವೆ ಬಂದು, "ಸರಿ, ಹಾಡೋಣ" ಎಂದರು. ಮೈಕಿಲ್ಲ, ಕೀಬೋರ್ಡಿಲ್ಲ. ಅವರೇ ಎತ್ತಿಕೊಟ್ಟರು.

ಬೆಳಗಾಗುವ ಮೊದಲೇ ನನ್ನ ಬಲ್ಲವನೇ ಎಂದು ಶುರುವಾಗುವ ಹಾಡು. ಮೊದಲ ಚರಣ ಮಾವ ಗಟ್ಟಿಯಾಗಿ, ಹುಮ್ಮಸ್ಸಿನಿಂದ ಹಾಡಿದ. ಅದು ಮುಗಿಯಿತು. ಸಭೆಯೆಲ್ಲ ಎರಡನೆಯದಕ್ಕೆ ಹೋಯಿತು. ಮಾವನಿಗೆ ಎರಡನೆಯದು ಇದೆಯೆಂಬುದೇ ನೆನಪಿಲ್ಲ. ಅದೇ ಹುಮ್ಮಸ್ಸಿನಲ್ಲಿ ಮತ್ತೆ ಮೊದಲ ಚರಣವನ್ನೇ ಎತ್ತಿಕೊಂಡ. ಅವನ ಗಂಟಲೋ, ಅಂಗಡಿಯಲ್ಲಿ ಮೋಟಾರುಗಳ ಸದ್ದು ಮೀರಿ ಕೂಗಿ ಪಳಗಿದ್ದು. ಅಕ್ಕಪಕ್ಕದವರು ತಪ್ಪಿದರು, ಮುಂದಿನವರು ಗೊಂದಲಕ್ಕೆ ಬಿದ್ದರು, ಕೊನೆಗೆ ಪಾಸ್ಟರೂ ಕೈಚೆಲ್ಲಿ ಅವನ ಹಿಂದೆಯೇ ಹೋದರು. ಇಡೀ ಚರ್ಚು ನಗುನಗುತ್ತ ಮೊದಲ ಚರಣವನ್ನು ಎರಡನೇ ಸಲ ಹಾಡಿತು. ಅತ್ತೆಯ ಕಣ್ಣಿನಿಂದ ನೀರು ಇಳಿಯುತ್ತಿತ್ತು. ದರ್ಜಿಯಮ್ಮನ ಕರವಸ್ತ್ರ ಅವಳಿಗೆ ದಾಟಿಸಿದೆ.

ಅದಾದ ಮೇಲೆ ಅತ್ತೆ ಪುಸ್ತಕವನ್ನು ಅವನ ಕಡೆ ಸರಿಸಿ, ಎರಡನೇ ಚರಣದ ಮೇಲೆ ಬೆರಳಿಟ್ಟಳು. "ಬರಿಗೈಯಲ್ಲಿ ಬಂದರೂ ಬಾ ಎಂದವನೇ" ಎಂದಿತ್ತು ಅಲ್ಲಿ. ಮಾವ ಹಾಡಲು ಬಾಯಿ ತೆರೆದವನು ಹಾಡಲಿಲ್ಲ. ಮೋಟಾರಿಗೆ ಕಿವಿ ಕೊಡುವಂತೆಯೇ ಕಣ್ಣು ಮುಚ್ಚಿ ತಲೆ ವಾಲಿಸಿದ. ಪಕ್ಕದಲ್ಲಿ ಅತ್ತೆ ಹಾಡುತ್ತಿದ್ದಳು. ಇಷ್ಟು ವರ್ಷ ಅವನು ಧ್ವನಿವರ್ಧಕದ ಬಳಿ ನಿಂತು ಎಲ್ಲರ ದನಿ ಕೇಳಿದ್ದ, ಇವಳದನ್ನು ಕೇಳಿರಲಿಲ್ಲ.

"ನಾನು ಏನೂ ಮಾಡದಿದ್ರೂ ನಡೀತಿದೆ ಕಣೇ," ಎಂದ. ಮೊದಲು ಅವಮಾನವಾದವನ ಹಾಗೆ ಹೇಳಿದ. ಆಮೇಲೆ ನಗತೊಡಗಿದ, ರಜೆ ಸಿಕ್ಕಿದ ಮಗುವಿನಂತೆ, ಭುಜ ಕುಣಿಸುತ್ತ. ದೇವರನ್ನು ಎಲ್ಲಿ ಬೀಳಿಸಿಬಿಡುತ್ತೇನೋ ಎಂದು ಇಷ್ಟು ವರ್ಷ ತಾನೇ ಹೊತ್ತುಕೊಂಡಂತೆ ಓಡಾಡಿದ್ದವನಿಗೆ, ಹೊತ್ತವನು ದೇವರು, ಕೂತಿರುವವನು ತಾನು ಎಂದು ಅವತ್ತು ತಿಳಿಯಿತು. ಆರಾಧನೆ ಯಾಕೆ ಬೇಕು ಎಂದು ಈಗ ನನ್ನನ್ನು ಯಾರಾದರೂ ಕೇಳಿದರೆ ನನಗೆ ಮಾವನ ಆ ಕುಣಿಯುವ ಭುಜವೇ ಕಣ್ಮುಂದೆ ಬರುತ್ತದೆ. ನೋಡುತ್ತ ನನಗೂ ತಲೆ ತಿರುಗುವಷ್ಟು ಖುಷಿಯಾಗಿತ್ತು.

ಮೂರನೆಯ ಚರಣದ ಹೊತ್ತಿಗೆ ಕರೆಂಟು ತಾನಾಗಿಯೇ ಬಂತು. ಫ್ಯಾನು ಮತ್ತೆ ಕಟಕ್ ಎಂದಿತು. ಮಾವ ಪುಸ್ತಕದಿಂದ ತಲೆ ಎತ್ತಲಿಲ್ಲ. ಆ ಫ್ಯಾನನ್ನು ಅವನು ರಿಪೇರಿ ಮಾಡಿದ್ದು ಮುಂದಿನ ಶನಿವಾರ ಸಂಜೆ, ಮತ್ತು ಈಗ ಅವನ ಚರ್ಚಿನ ಕೆಲಸವೆಲ್ಲ ಶನಿವಾರವೇ.

ಹೊರಗೆ ಬರುವಾಗ ಅವನು ಅತ್ತೆಗೆ ದೂರಿನ ದನಿಯಲ್ಲಿ ಕೇಳಿದ, "ಎರಡನೇ ಚರಣ ಇಷ್ಟು ಚೆನ್ನಾಗಿದೆ ಅಂತ ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು?"

"ಹೇಳೋಕೆ ಪಕ್ಕದಲ್ಲಿದ್ರಾ?" ಎಂದಳು ಅತ್ತೆ.

ಮರುವಾರ ನಾನು ತಡವಾಗಿ ಹೋದೆ. ಅವರ ಬೆಂಚು ತುಂಬಿತ್ತು. ಅತ್ತೆಯ ಕೈಚೀಲ ನೆಲದ ಮೇಲೆ, ಮಾವನ ಕಾಲ ಬಳಿ ಇತ್ತು.