ಕಾರಿನಡಿಯ ಉಪವಾಸ

ಹಾಡಹಗಲೇ ಸ್ವಂತ ಕಾರಿನಡಿ ಅಂಗಾತ ಮಲಗಿ, ಕಳ್ಳನ ಹಾಗೆ ನೀರು ಕುಡಿಯುವ ದಿನ ಬರುತ್ತದೆಂದು ಊರಲ್ಲಿದ್ದಾಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಬಹರೈನಿನ ಹಮದ್ ಟೌನಿನಲ್ಲಿ ಅದು ನಡೆಯಿತು. ರಂಜಾನ್ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವವರೆಗೆ ಯಾರೂ ಬೀದಿಯಲ್ಲಿ ತಿನ್ನುವ, ಕುಡಿಯುವ ಹಾಗಿಲ್ಲ, ಯಾವ ಧರ್ಮದವರಾದರೂ ಸರಿ. ಮನೆಯೊಳಗೆ ಕುಡಿದರೆ ಯಾರ ಅಡ್ಡಿಯೂ ಇಲ್ಲ. ಹಾಗಿದ್ದೂ ಕಾರಿನಡಿಯೇ ಯಾಕೆ ಕುಡಿದೆ ಎಂದು ಹೇಳಲು ನನಗೆ ನಾಚಿಕೆ.

ಮೊದಲು ನಾವು ಪೇಟೆಯ ನಡುವಿನ ಹೂರಾದಲ್ಲಿ ಫ್ಲ್ಯಾಟಿನಲ್ಲಿದ್ದೆವು. ಅಲ್ಲಿ ಮೆಟ್ಟಿಲು ಹತ್ತುವಾಗಲೇ ತುಳು, ಮಲಯಾಳ, ಉರ್ದು ಎಲ್ಲ ಕಿವಿಗೆ ಬೀಳುತ್ತಿತ್ತು. ಹಮದ್ ಟೌನಿನಲ್ಲಿ ಎತ್ತರದ ಕಾಂಪೌಂಡುಗಳು, ಮುಚ್ಚಿದ ಗೇಟುಗಳು. ರೌಂಡಬೌಟುಗಳು ಎಲ್ಲವೂ ಒಂದೇ ಥರ, ನನ್ನ ಮನೆಯ ತಿರುವೇ ನನಗೆ ತಪ್ಪುತ್ತಿತ್ತು. ಇಲ್ಲಿ ನನ್ನನ್ನು ಮೊದಲು ಮಾತಾಡಿಸಿದವರು ಎದುರುಮನೆಯ ಅಬು ಯೂಸುಫ್. ಹಿರಿಯರನ್ನು ಇಲ್ಲಿ ಹಿರಿಮಗನ ಹೆಸರಿನಿಂದ ಕರೆಯುತ್ತಾರೆ. ಅಬು ಯೂಸುಫ್ ಅಂದರೆ ಯೂಸುಫನ ಅಪ್ಪ. ಅವರು ನನ್ನನ್ನು ‘ಯಾ ಜಾರ್’ ಎನ್ನುತ್ತಿದ್ದರು. ಜಾರ್ ಎಂದರೆ ನೆರೆಯವ. ಈ ದೇಶದವರಲ್ಲಿ ನನ್ನನ್ನು ಕೆಲಸದ ಹೆಸರಿನಿಂದಲ್ಲದೆ ಬೇರೆ ಹೆಸರಿನಿಂದ ಕರೆದವರು ಅವರೊಬ್ಬರೇ, ಆ ಮಾತು ಕೇಳಲಿಕ್ಕೆಂದೇ ನಾನು ಕೆಲವೊಮ್ಮೆ ಗೇಟಿನ ಬಳಿ ಸುಮ್ಮನೆ ನಿಲ್ಲುತ್ತಿದ್ದೆ.

ಇಲ್ಲಿನ ಹೆಚ್ಚಿನ ಕಾರುಗಳಿಗೆ ಕ್ಲಚ್ಚೇ ಇಲ್ಲ. ನಾನು ಮಾತ್ರ ಹುಡುಕಿ ಹುಡುಕಿ ಹಳೆಯ ಗೇರಿನ ಕಾರು ಕೊಂಡೆ. ಸ್ಟಿಯರಿಂಗ್ ಎಡಕ್ಕೆ ಹೋದದ್ದು ಸಾಕು, ಎಡಗಾಲಿಗಾದರೂ ಊರಿನ ಕೆಲಸ ಇರಲಿ ಎಂದು. ಆ ಕಾಲೇ ಕ್ಲಚ್ ಸುಟ್ಟಿತು. ಬಂಟ್ವಾಳದ ಗೆಳೆಯ ಲ್ಯಾನ್ಸಿಗೆ ಇಲ್ಲೇ ಸನದ್ ಎಂಬಲ್ಲಿನ ಗ್ಯಾರೇಜಿನಲ್ಲಿ ಕೆಲಸ. ಶುಕ್ರವಾರ ಅವನಿಗೆ ರಜೆ, ನಮ್ಮ ಗೇಟಿನ ಹೊರಗೇ ಕಾರು ಎತ್ತಿ ನಿಲ್ಲಿಸಿದ. ನರ್ಸ್ ಆಗಿರುವ ನನ್ನ ಹೆಂಡತಿ ಸುಜಾತಾ ನೈಟ್ ಡ್ಯೂಟಿ ಮುಗಿಸಿ ಒಳಗೆ ಮಲಗಿದ್ದಳು. ರಾತ್ರಿ ಅದೇ ಕಾರಿನಲ್ಲಿ ಮತ್ತೆ ಹೋಗಬೇಕಿತ್ತು.

ಸವೆದ ಪ್ಲೇಟನ್ನು ಲ್ಯಾನ್ಸಿ ನನ್ನ ಮುಖಕ್ಕೆ ಹಿಡಿದ. “ಇಡೀ ಬಹರೈನಲ್ಲಿ ಒಂದು ಏರು ಇಲ್ಲ ಮಾರಾಯ. ನೀನು ಯಾವ ಘಾಟಿ ಹತ್ತಲಿಕ್ಕೆ ಕ್ಲಚ್ಚಿನ ಮೇಲೆ ಕಾಲಿಟ್ಟು ಕೂತ್ಕೊಳ್ಳುದು?”

ಅಷ್ಟರಲ್ಲಿ ಅಬು ಯೂಸುಫ್ ನಮಾಜು ಮುಗಿಸಿ ಬಂದರು. ಅವರ ಹಿಂದಿ ನನ್ನದಕ್ಕಿಂತ ಚೆನ್ನಾಗಿದೆ. “ಬೆವರಿದ್ದೀರಿ. ನಮ್ಮ ಮನೆಯೊಳಗೆ ಬನ್ನಿ, ನೀರು ಕುಡಿದು ಹೋಗಿ. ಉಪವಾಸ ನಮಗೆ, ನಿಮಗಲ್ಲವಲ್ಲ,” ಎಂದರು.

ನಮ್ಮ ಕಡೆ ಯಾರ ಮನೆಗೆ ಹೋದರೂ ಬೆಲ್ಲ, ನೀರು ಬರುತ್ತದೆ. ಅದು ಬರುವ ಮೊದಲು ‘ಬೇಡ, ಈಗ ಕುಡಿದದ್ದಷ್ಟೇ’ ಎಂದು ಒಂದು ಸಲವಾದರೂ ಹೇಳುವುದು ಮರ್ಯಾದೆ. ಸುಳ್ಳೆಂದು ಇಬ್ಬರಿಗೂ ಗೊತ್ತು, ಒತ್ತಾಯ ಮಾಡಿದ ಮೇಲೆ ಕುಡಿಯುತ್ತೇವೆ. ಆದರೆ ರಂಜಾನಿನ ಬೀದಿಯಲ್ಲಿ ನಿಂತು ‘ಈಗ ಕುಡಿದದ್ದಷ್ಟೇ’ ಎನ್ನುವುದು ಹೇಗೆ? ಬಾಯಿಗೆ ಬಂದದ್ದನ್ನು ಹೇಳಿದೆ: “ಇವತ್ತು ನನಗೂ ಉಪವಾಸ.”

ಅವರು ಒತ್ತಾಯ ಮಾಡಲಿಲ್ಲ. ನಂಬಿಬಿಟ್ಟರು. ಎದೆಯ ಮೇಲೆ ಕೈಯಿಟ್ಟು, “ಹಾಗಾದರೆ ಸಂಜೆ ನಮ್ಮ ಜೊತೆಯೇ ಉಪವಾಸ ಬಿಡಬೇಕು,” ಎಂದವರು ತಮ್ಮ ಗೇಟಿನಿಂದಲೇ ಹೆಂಡತಿಗೆ ಕೂಗಿ ಸುದ್ದಿ ಹೇಳಿದರು.

“ಎಂತ ಉಪವಾಸ ನಿಂದು?” ಲ್ಯಾನ್ಸಿ ತಗ್ಗಿದ ದನಿಯಲ್ಲಿ ಕೇಳಿದ. “ಬೆಳಿಗ್ಗೆ ನೀರುದೋಸೆ ಹೊಡ್ದದ್ದು ಯಾರು? ತಪಸ್ಸುಕಾಲದ ಶುಕ್ರವಾರ ಅಂತ ನಾನು ಒಂದು ಚಾಯದಲ್ಲಿದ್ದೇನೆ, ನಾನು ಹೇಳಿದ್ನಾ?” ಈಸ್ಟರಿನ ಮುಂಚಿನ ಕ್ರೈಸ್ತರ ವ್ರತದ ನೆನಪೇ ನನಗಿರಲಿಲ್ಲ. ಮೂವರಲ್ಲಿ ಹೊಟ್ಟೆ ತುಂಬಿದ್ದವನು ನಾನೊಬ್ಬ, ಎಲ್ಲರಿಗಿಂತ ದೊಡ್ಡ ದನಿಯಲ್ಲಿ ವ್ರತ ಸಾರಿದವನೂ ನಾನೇ.

ಬಾಯಾರಿಕೆ ಮಾತ್ರ ನಿಜವಾಗಿಯೂ ಆಯಿತು. ಕೈತುಂಬ ಗ್ರೀಸು, ಒಳಗೆ ಹೋದರೆ ಮಲಗಿದವಳು ಏಳುತ್ತಾಳೆ, ಬೆಳಿಗ್ಗೆ ಇಟ್ಟ ಬಾಟಲಿ ಕಾರಿನಡಿಯೇ ಇತ್ತು. ಯಾರು ನೋಡುತ್ತಾರೆ ಎಂದು ಅರ್ಧ ಖಾಲಿ ಮಾಡಿದೆ.

ಹೊಸ ಪ್ಲೇಟು ಕೂತಿತು, ಗೇರ್ ಬಾಕ್ಸ್ ಮಾತ್ರ ಸ್ವಸ್ಥಾನಕ್ಕೆ ಬರಲೊಲ್ಲದು. ನಾನು ಕೆಳಗಿನಿಂದ ಎತ್ತಿದರೆ ಲ್ಯಾನ್ಸಿಗೆ ಮೇಲೆ ಬೋಲ್ಟಿನ ತೂತು ಸಿಗುವುದಿಲ್ಲ. ನಮ್ಮ ಬೈಗುಳ ಕೇಳಿ ಅಬು ಯೂಸುಫ್ ಮತ್ತೆ ಬಂದರು. ಬಿಳಿಯ ಉದ್ದಂಗಿ ತೆಗೆದಿಟ್ಟು ವಿಜಾರ್ ಉಟ್ಟಿದ್ದರು. ವಿಜಾರ್ ಎಂದರೆ ನಮ್ಮ ಚೌಕಳಿಯ ಲುಂಗಿಯೇ. ಬೇಡವೆನ್ನುವ ಮೊದಲೇ ರಟ್ಟಿನ ಮೇಲೆ ನನ್ನ ಪಕ್ಕ ಮಲಗಿ, ಗೇರ್ ಬಾಕ್ಸಿನ ಭಾರಕ್ಕೆ ಎರಡೂ ಅಂಗೈ ಕೊಟ್ಟರು.

ಬಾಟಲಿ ನಮ್ಮಿಬ್ಬರ ನಡುವೆ ಇತ್ತು. ಮುಚ್ಚಳ ತೆರೆದೇ ಇತ್ತು. ಅವರು ಅದನ್ನು ನೋಡಿದರು, ನನ್ನ ಒದ್ದೆ ಗಡ್ಡವನ್ನೂ ನೋಡಿದರು. ಅವರ ತುಟಿ ಒಣಗಿ ಬಿರಿದಿತ್ತು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಅಷ್ಟರಲ್ಲಿ ಪಕ್ಕದ ಮನೆಯವರು ಯಾರೋ ಸಲಾಂ ಎನ್ನುತ್ತ ಬಗ್ಗಿ ಇಣುಕಿದರು. ಅಬು ಯೂಸುಫ್ ಕೈ ಕದಲಿಸದೆ, ಮೊಣಕೈಯಿಂದ ಬಾಟಲಿಯನ್ನು ಮೆಲ್ಲಗೆ ಟೈರಿನ ಹಿಂದೆ ತಳ್ಳಿದರು. ಮಲಗಿದಲ್ಲಿಂದಲೇ ಸಲಾಮಿಗೆ ಉತ್ತರ ಕೊಟ್ಟರು. ಗೇರ್ ಬಾಕ್ಸ್ ಕೂತಿತು.

ಸಂಜೆ ಅವರ ಜಗಲಿಯಲ್ಲಿ ಚಾಪೆ ಹಾಸಿದ್ದರು. ತಪ್ಪಿಸಿಕೊಳ್ಳುವ ದಾರಿ ನನಗಿರಲಿಲ್ಲ. ಮಸೀದಿಯಿಂದ ಬಾಂಗ್ ಕೇಳಿತು. ಇಡೀ ದಿನ ಹನಿ ನೀರು ಮುಟ್ಟದ ಅವರು ಮೊದಲ ಖರ್ಜೂರವನ್ನು ತಮ್ಮ ಬಾಯಿಗಿಡಲಿಲ್ಲ, ನನ್ನ ಕೈಗಿಟ್ಟರು. “ತಫದ್ದಲ್, ಯಾ ಜಾರ್.” ತಗೊಳ್ಳಪ್ಪ ನೆರೆಯವನೇ, ಎಂದು. ನಾನು ತಿನ್ನುವವರೆಗೂ ಕಾದರು. ತಿಂದು, ಬೀಜವನ್ನು ಮುಷ್ಟಿಯಲ್ಲೇ ಹಿಡಿದು ಕೂತೆ. ಲ್ಯಾನ್ಸಿ ಚಾಪೆಯ ಅಂಚನ್ನೇ ನೋಡುತ್ತಿದ್ದ.

ಆ ವರ್ಷ ರಜೆಯಲ್ಲಿ ಊರಿಗೆ ಹೋದಾಗ ದೊಡ್ಡಮ್ಮ ಬೆಲ್ಲ, ನೀರು ತಂದು, “ಕುಡೀತಿಯಾ ಮಗಾ?” ಎಂದರು. “ಕೊಡಿ,” ಎಂದುಬಿಟ್ಟೆ. ದೊಡ್ಡಮ್ಮ ಒಂದು ಕ್ಷಣ ನನ್ನ ಮುಖ ನೋಡಿ, “ಗಲ್ಫಿಗೆ ಹೋಗಿ ಸಂಕೋಚ ಎಲ್ಲ ಬಿಟ್ಟಿದ್ದಿ,” ಎಂದು ನಕ್ಕರು. ಅಲ್ಲಿ ನಾನು ಮರ್ಯಾದೆ ಮರೆತವ.

ಇಲ್ಲಿಗೆ ಮರಳಿದರೆ ಆ ಮರ್ಯಾದೆ ತಾನಾಗಿ ನೆನಪಾಗುತ್ತದೆ. ಅಬು ಯೂಸುಫ್ ಗೇಟಿನ ಬಳಿ ಕಾಫಿಯ ಪುಟ್ಟ ಲೋಟ ನೀಡಿದಾಗಲೆಲ್ಲ ನನ್ನ ಬಾಯಿ ಮೊದಲು ‘ಬೇಡ, ಈಗಷ್ಟೇ ಆಯ್ತು’ ಎನ್ನುತ್ತದೆ. ಅವರು ಇನ್ನೊಮ್ಮೆ ಕೇಳುವುದಿಲ್ಲ, ಲೋಟ ಹಿಂದಕ್ಕೂ ತೆಗೆದುಕೊಳ್ಳುವುದಿಲ್ಲ. ನನ್ನ ಸುಳ್ಳು ಮುಗಿಯುವವರೆಗೆ ಕೈ ಚಾಚಿಕೊಂಡೇ ನಿಂತಿರುತ್ತಾರೆ.